ಗಬ್ಬ ನಿಲ್ಲುವ ಮುನ್ನ

ಹುಬ್ಬಳ್ಳಿ ಬಿಟ್ಟು ಹಾವೇರಿ ಕಡೆ ಹೊರಟ ಹೆದ್ದಾರಿಯಲ್ಲಿ ತಡಸ ಕ್ರಾಸ್ ಸಿಗುತ್ತದೆ. ಗಾಯತ್ರಿ ತಪೋಭೂಮಿಗೆ ಹೋಗುವವರು, ಮುಂಡಗೋಡ, ಶಿರಸಿ ಕಡೆ ತಿರುಗುವವರು ಇಲ್ಲಿ ಇಳಿದು ಬಸ್ ಬದಲಿಸುತ್ತಾರೆ. ಶಿಗ್ಗಾವಿ ತಾಲ್ಲೂಕಿನ ಈ ಭಾಗ ಅತ್ತ ಪೂರಾ ಬಯಲುಸೀಮೆಯಲ್ಲ, ಇತ್ತ ಮಲೆನಾಡೂ ಅಲ್ಲ. ಗೋವಿನಜೋಳ, ಹತ್ತಿ, ಭತ್ತ ಬೆಳೆಯುವ ಮನೆಗಳ ಹಿತ್ತಲಲ್ಲಿ ಒಂದೆರಡು ಎಮ್ಮೆ, ವಿದೇಶಿ ಹಾಲಿನ ತಳಿಯಾದ ಎಚ್‌ಎಫ್ ಆಕಳು ಕಟ್ಟಿರುವುದು ಸಾಮಾನ್ಯ ನೋಟ. ಇಂಥ ಮನೆಗಳಲ್ಲಿ ಪಂಚಾಂಗಕ್ಕಿಂತ ಕಟ್ಟುನಿಟ್ಟಾಗಿ ಎಣಿಸುವ ಲೆಕ್ಕ ಒಂದಿದೆ: 21 ದಿನ. ಬೆದೆಗೆ ಬಂದ ಆಕಳಿಗೆ ಪಶು ಆಸ್ಪತ್ರೆಯವರನ್ನು ಕರೆಸಿ ಸೂಜಿ (ಕೃತಕ ಗರ್ಭಧಾರಣೆ) ಮಾಡಿಸಿದ ದಿನದಿಂದ ಎಣಿಕೆ ಶುರು. ಮೂರು ವಾರ ಕಳೆದರೂ ಆಕಳು ಒದರದಿದ್ದರೆ ಗಬ್ಬ ನಿಂತಿದೆ ಎಂಬ ಆಸೆ. ಒದರಿತೋ, ‘ಮತ್ತ ಬೆದಿಗಿ ಬಂತ್ರಿ ಡಾಕ್ಟರ’ ಎಂದು ಫೋನು.

ಆಮೇಲೆ ತಪ್ಪು ಯಾರದೆಂಬ ಹುಡುಕಾಟ. ವೀರ್ಯದ ಕಡ್ಡಿ ಸರಿಯಿರಲಿಲ್ಲ, ಡಾಕ್ಟರು ಹೊತ್ತು ಮೀರಿ ಬಂದರು, ಮೇವಿನಲ್ಲಿ ಸತ್ವವಿಲ್ಲ, ಯಾರದೋ ಕಣ್ಣು ಬಿತ್ತು. ಎರಡು ಮೂರು ಸಲ ಹೀಗಾದರೆ ಎಲ್ಲವೂ ಆಕಳ ತಲೆಗೇ ಬಂದು, ಅದು ಸಂತೆಗೆ ಹೋಗುತ್ತದೆ. ಈ ಕಾರಣಗಳಲ್ಲಿ ಕೆಲವು ನಿಜವೇ. ಆದರೆ ಪಶುವಿಜ್ಞಾನಿಗಳು ದಶಕಗಳಿಂದ ಕೂಡಿಹಾಕಿದ ಲೆಕ್ಕ ಇನ್ನೊಂದನ್ನು ಹೇಳುತ್ತದೆ. ಚೆನ್ನಾಗಿ ಸಾಕಿದ ಮಣಕಗಳಿಗೆ ಸರಿಯಾದ ಹೊತ್ತಿನಲ್ಲಿ ಗರ್ಭಧಾರಣೆ ಮಾಡಿಸಿದರೆ ನೂರರಲ್ಲಿ ಸುಮಾರು 90 ಅಂಡಗಳು ಫಲಿಸುತ್ತವೆ. ಹುಟ್ಟುವ ಕರುಗಳು ಮಾತ್ರ ಹೆಚ್ಚುಕಡಿಮೆ 55. ಇದು ಯುರೋಪಿನ ಒಳ್ಳೆಯ ಹಿಂಡುಗಳ ಮಾತು. ನಮ್ಮ ಹಿತ್ತಲಿನ ಲೆಕ್ಕ ಇನ್ನೂ ಕೆಳಗಿದೆ. ನಡುವೆ ಕಳೆದುಹೋದವುಗಳಲ್ಲಿ ಹೆಚ್ಚಿನವು ಮೊದಲ ಎರಡು ಮೂರು ವಾರಗಳಲ್ಲೇ, ಯಾರಿಗೂ ತಿಳಿಯದಂತೆ ಹೋದವು. ಅಂದರೆ ಬಹಳ ಸಲ ಗಬ್ಬ ನಿಲ್ಲಲಿಲ್ಲ ಎಂದು ನಾವು ಹೇಳುವಾಗ ಭ್ರೂಣ ಹುಟ್ಟಿದ್ದಂತೂ ನಿಜ. ಅದು ನಡುದಾರಿಯಲ್ಲಿ ನಿಂತುಬಿಟ್ಟಿತ್ತು.

ಆ ದಾರಿಯ ಮೊದಲ ವಾರ ಪೂರ್ತಿ ಕಿಣ್ವಗಳ ಕೈಯಲ್ಲಿದೆ. ಕಿಣ್ವ ಅಂದರೆ ಶಾಲೆಯ ಪುಸ್ತಕ ಓದಿದವರಿಗೆ ಜೊಲ್ಲಿನ ಅಮೈಲೇಸ್, ಹೊಟ್ಟೆಯ ಪೆಪ್ಸಿನ್ ನೆನಪಾಗುತ್ತವೆ. ಅರಗಿಸುವುದೇ ಅವುಗಳ ಕಸುಬು ಅನ್ನಿಸುತ್ತದೆ. ಭ್ರೂಣದೊಳಗಿನ ಕಿಣ್ವಗಳು ತಡೆಯುತ್ತವೆ, ತಡೆ ಬಿಡಿಸುತ್ತವೆ, ಕತ್ತರಿಸುತ್ತವೆ. ಒಂದು ಕೋಶ ಎರಡಾಗುವುದು ಎಷ್ಟೋ ಸಲ ಹೊಸದೊಂದು ಸೇರಿದ್ದರಿಂದಲ್ಲ, ಅಡ್ಡ ನಿಂತಿದ್ದ ಪ್ರೋಟೀನೊಂದು ಹೊತ್ತಿಗೆ ಸರಿಯಾಗಿ ನಾಶವಾದ್ದರಿಂದ. ಈ ನಾಶ ತುಸು ಬೇಗ ಆದರೂ ಕೆಡುಕು, ತಡವಾದರೂ ಕೆಡುಕು.

ಕಥೆ ಶುರುವಾಗುವುದು ಸೂಜಿ ಮಾಡಿಸಿದ ದಿನ ಅಲ್ಲ, ವರ್ಷಗಳ ಹಿಂದೆ. ಹೆಣ್ಣುಕರು ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದರ ಅಂಡಗಳು ವಿಭಜನೆಗೆ ಕೈಹಾಕಿ, ಅರ್ಧಕ್ಕೇ ಬಿಟ್ಟು ಕೂತಿರುತ್ತವೆ. ಹೆಣ್ಣುಮಕ್ಕಳಲ್ಲೂ ಹೀಗೆಯೇ. ಗರ್ಭದಲ್ಲಿರುವ ಐದು ತಿಂಗಳ ಹೆಣ್ಣುಶಿಶುವಿನ ಅಂಡಾಶಯಗಳಲ್ಲಿ 60ರಿಂದ 70 ಲಕ್ಷ ಅಂಡಗಳಿರುತ್ತವೆ, ಹುಟ್ಟುವ ಹೊತ್ತಿಗೆ 10ರಿಂದ 20 ಲಕ್ಷಕ್ಕೆ ಇಳಿದಿರುತ್ತವೆ. ಅವುಗಳಲ್ಲಿ ಜೀವಮಾನದಲ್ಲಿ ಬಿಡುಗಡೆಯಾಗುವವು ಸುಮಾರು 400 ಮಾತ್ರ. ಉಳಿದವು ಕಾದು ಕಾದು ಸಾಯುತ್ತವೆ. 40ನೇ ವಯಸ್ಸಿನಲ್ಲಿ ಬಿಡುಗಡೆಯಾದ ಅಂಡ ನಾಲ್ಕು ದಶಕ ಒಂದೇ ಭಂಗಿಯಲ್ಲಿ ಕಾದಿದೆ ಎಂದರ್ಥ.

ಇಷ್ಟು ಕಾಲ ಅದನ್ನು ಹಿಡಿದಿಟ್ಟಿರುವುದು ಯಾವುದು? ಇದಕ್ಕೆ ಮೊದಲ ಸುಳಿವು ಸಿಕ್ಕಿದ್ದು ಕಪ್ಪೆಯಲ್ಲಿ.

1971ರಲ್ಲಿ ಜಪಾನಿನ ಯೋಶಿಯೊ ಮಾಸುಯಿ ಮತ್ತು ಅಮೆರಿಕದ ಕ್ಲೆಮೆಂಟ್ ಮಾರ್ಕರ್ಟ್ ಪ್ರಕಟಿಸಿದ ಪ್ರಯೋಗ ಕೇಳಲು ತೀರಾ ಸರಳ. ಹಾರ್ಮೋನು ಕೊಟ್ಟು ಮಾಗಿಸಿದ ಕಪ್ಪೆ ಅಂಡದಿಂದ ಗಾಜಿನ ಸೂಜಿಯಲ್ಲಿ ತುಸು ಕೋಶರಸ ಹೀರಿ, ಕಾಯುತ್ತ ಕೂತಿದ್ದ ಇನ್ನೊಂದು ಅಂಡಕ್ಕೆ ಚುಚ್ಚಿದರು. ಹಾರ್ಮೋನಿನ ಹಂಗಿಲ್ಲದೆ ಅದೂ ಮಾಗಿತು. ಅದೇ ಪ್ರಬಂಧದಲ್ಲಿ ಇನ್ನೊಂದು ಪ್ರಯೋಗವಿದೆ, ಅದು ಹೆಚ್ಚು ಸೊಗಸಿನದು. ಫಲಿಸದ, ಮಾಗಿದ ಅಂಡದ ರಸವನ್ನು ಎರಡು ಕೋಶಗಳ ಭ್ರೂಣದ ಒಂದು ಕೋಶಕ್ಕೆ ಮಾತ್ರ ಚುಚ್ಚಿದರು. ಚುಚ್ಚಿಸಿಕೊಂಡ ಅರ್ಧ ಅಲ್ಲೇ ನಿಂತುಹೋಯಿತು, ಪಕ್ಕದ ಅರ್ಧ ಒಡೆಯುತ್ತ ಸಾಗಿತು. ಒಂದೇ ಅಂಡದ ರಸದಲ್ಲಿ ಓಡಿಸುವ ಶಕ್ತಿಯೂ ಇತ್ತು, ನಿಲ್ಲಿಸುವ ಶಕ್ತಿಯೂ ಇತ್ತು. ಅವು ಏನೆಂದು ಮಾಸುಯಿಗೆ ಗೊತ್ತಿರಲಿಲ್ಲ. ಹೆಸರಿಟ್ಟು ಬಿಟ್ಟರು.

ಉತ್ತರ ಬಂದದ್ದು ಭ್ರೂಣಕ್ಕೂ ತಮಗೂ ಸಂಬಂಧವೇ ಇಲ್ಲದಂತೆ ಕೂತಿದ್ದವರಿಂದ. ಎಡಿನ್‌ಬರೋದಲ್ಲಿ ಪಾಲ್ ನರ್ಸ್ ಯೀಸ್ಟ್ ಸಾಕುತ್ತಿದ್ದರು. ಬೆಳೆದು ದೊಡ್ಡದಾಗುವ ಮೊದಲೇ ಒಡೆದುಬಿಡುವ ಕುಳ್ಳ ಯೀಸ್ಟ್‌ಗಳು ಅವರಿಗೆ ಸಿಕ್ಕವು. ಅವುಗಳಲ್ಲಿ ಕೆಟ್ಟಿದ್ದದ್ದು ‘ವೀ-1’ ಎಂಬ ಕಿಣ್ವ. ವಿಭಜನೆಯನ್ನು ತಡೆಹಿಡಿಯುವುದೇ ಅದರ ಕೆಲಸ. ಅದು ತಡೆಯುತ್ತಿದ್ದದ್ದು ಇನ್ನೊಂದು ಕಿಣ್ವವನ್ನು. ಅದಕ್ಕೆ ಇಂದಿನ ಹೆಸರು ಸಿಡಿಕೆ-1. 1987ರಲ್ಲಿ ಮೆಲನಿ ಲೀ ಮತ್ತು ನರ್ಸ್ ಮನುಷ್ಯರ ಸಿಡಿಕೆ-1 ಜೀನನ್ನು ಆ ಕಿಣ್ವ ಕೆಟ್ಟ ಯೀಸ್ಟ್‌ಗೆ ಹಾಕಿದಾಗ ಯೀಸ್ಟ್ ಮತ್ತೆ ಒಡೆಯತೊಡಗಿತು. ನೂರು ಕೋಟಿ ವರ್ಷಗಳಷ್ಟು ದೂರದ ಎರಡು ಜೀವಿಗಳು ಒಂದೇ ಕಿಣ್ವದಲ್ಲಿ ಕೆಲಸ ನಡೆಸಿಕೊಳ್ಳುವುದು ಆಗ ಖಾತ್ರಿಯಾಯಿತು.

ಅದಕ್ಕೂ ಮುಂಚೆಯೇ ಟಿಮ್ ಹಂಟ್ 1982ರ ಬೇಸಿಗೆಯಲ್ಲಿ ಅಮೆರಿಕದ ವುಡ್ಸ್ ಹೋಲ್ ಕಡಲತೀರದ ಪ್ರಯೋಗಾಲಯದಲ್ಲಿ ಕಡಲ ಮುಳ್ಳುಜೀವಿಯ ಅಂಡಗಳನ್ನು ಫಲಿತಗೊಳಿಸಿ, ಅವುಗಳಲ್ಲಿ ಹುಟ್ಟುವ ಪ್ರೋಟೀನುಗಳನ್ನು ನಿಮಿಷ ನಿಮಿಷಕ್ಕೂ ಅಳೆಯುತ್ತಿದ್ದರು. ಎಲ್ಲ ಪ್ರೋಟೀನುಗಳೂ ಹೊತ್ತು ಹೋದಂತೆ ಏರುತ್ತಿದ್ದವು. ಒಂದು ಮಾತ್ರ ಏರಿ, ಕೋಶ ಒಡೆಯುವುದಕ್ಕೆ ಸ್ವಲ್ಪ ಮುಂಚೆ ಹೇಳಹೆಸರಿಲ್ಲದಂತೆ ಮಾಯವಾಗಿ, ಮತ್ತೆ ಏರಿತು. ಅದೇ ಸೈಕ್ಲಿನ್. ಸಿಡಿಕೆ-1 ಒಬ್ಬಂಟಿಯಾಗಿ ಏನೂ ಮಾಡಲಾರದು. ಸೈಕ್ಲಿನ್‌ಗಳಲ್ಲಿ ಒಂದಾದ ಸೈಕ್ಲಿನ್-ಬಿ ಬಂದು ಅಂಟಿಕೊಂಡಾಗಲೇ ಅದಕ್ಕೆ ಜೀವ. 1988ರಲ್ಲಿ ಮ್ಯಾನ್‌ಫ್ರೆಡ್ ಲೋಕಾ ಮತ್ತು ಜೇಮ್ಸ್ ಮಾಲರ್ ಕಪ್ಪೆ ಅಂಡದ ರಸದಿಂದ ಮಾಸುಯಿಯ ಓಡಿಸುವ ಶಕ್ತಿಯನ್ನು ಶುದ್ಧಗೊಳಿಸಿ ತೆಗೆದರು. ಅದು ಸಿಡಿಕೆ-1 ಮತ್ತು ಸೈಕ್ಲಿನ್-ಬಿಯ ಜೋಡಿಯೆಂದು ಖಚಿತವಾಯಿತು. 2001ರ ನೊಬೆಲ್, ಯೀಸ್ಟ್ ಮೇಲೆಯೇ ಕೆಲಸ ಮಾಡಿದ್ದ ಅಮೆರಿಕದ ಹಾರ್ಟ್‌ವೆಲ್, ನರ್ಸ್ ಮತ್ತು ಹಂಟ್ ಪಾಲಾಯಿತು. ಮಾಸುಯಿ ಹೊರಗುಳಿದರು. ಮೂವರಿಗಿಂತ ಹೆಚ್ಚು ಜನರಿಗೆ ಕೊಡಲಾಗದ ನಿಯಮ ಅಲ್ಲಿದೆ, ಸರಿ. ಆದರೂ ಭ್ರೂಣದ ಕಡೆಯಿಂದ ನೋಡುವವರಿಗೆ ಆ ಪಟ್ಟಿ ಅರೆಬರೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ಈ ಜೋಡಿ ಕೆಲಸಕ್ಕಿಳಿಯುವ ಬಗೆ ಹಾವೇರಿ ಸೀಮೆಯ ಕೆರೆಗಳನ್ನು ನೋಡಿದವರಿಗೆ ತಿಳಿಯದ್ದೇನಲ್ಲ. ಮಳೆನೀರು ದಿನಗಟ್ಟಲೆ ತುಂಬುತ್ತಲೇ ಇರುತ್ತದೆ, ಕೆಳಗಿನ ಗದ್ದೆಗೆ ಏನೂ ಗೊತ್ತಾಗದು. ಕೋಡಿಯ ಮಟ್ಟ ಮುಟ್ಟಿದ ಕೂಡಲೇ ಕೋಡಿ ಬಿದ್ದು ಒಮ್ಮೆಲೇ ಹರಿಯುತ್ತದೆ. ಸೈಕ್ಲಿನ್-ಬಿ ಹಾಗೆ ಮೆಲ್ಲಗೆ ಶೇಖರವಾಗುತ್ತದೆ. ವೀ-1 ತಡೆಹಿಡಿದೇ ಇರುತ್ತದೆ. ಸಿಡಿಸಿ-25 ಎಂಬ ಇನ್ನೊಂದು ಕಿಣ್ವ ಆ ತಡೆಯನ್ನು ಕಳಚತೊಡಗಿದರೆ, ಎಚ್ಚರಗೊಂಡ ಸಿಡಿಕೆ-1 ತನ್ನ ಶತ್ರು ವೀ-1ನ್ನು ತಾನೇ ಮಲಗಿಸಿ, ಮಿತ್ರ ಸಿಡಿಸಿ-25ನ್ನು ತಾನೇ ಎಬ್ಬಿಸುತ್ತದೆ. ಆದ್ದರಿಂದ ಅರ್ಧಂಬರ್ಧ ವಿಭಜನೆ ಎಂಬುದಿಲ್ಲ. ಶುರುವಾದರೆ ಪೂರ್ತಿ.

ಕಾಯುತ್ತ ಕೂತ ಅಂಡದಲ್ಲಿ ನಡೆಯುವುದು ಇದರ ಉಲ್ಟಾ. ಪಿಕೆಎ ಎಂಬ ಕಿಣ್ವ ವೀ-1ನ ಕಡೆ ನಿಂತು, ಸಿಡಿಸಿ-25ನ್ನು ದೂರವಿಟ್ಟು, ಸಿಡಿಕೆ-1ನ್ನು ವರ್ಷಗಟ್ಟಲೆ ಮಲಗಿಸಿಡುತ್ತದೆ. ಬೆದೆಯ ಹೊತ್ತಿಗೆ ಎಲ್‌ಎಚ್ ಹಾರ್ಮೋನು ಏರಿದಾಗ ಪಿಕೆಎ ತಣ್ಣಗಾಗುತ್ತದೆ, ಅಂಡ ಮಾಗುತ್ತದೆ. ಆದರೆ ಇನ್ನೊಮ್ಮೆ ನಿಲ್ಲುತ್ತದೆ! ಎರಡನೇ ನಿಲುಗಡೆಯಲ್ಲಿ ಸಿಡಿಕೆ-1 ಪೂರ್ತಿ ಎಚ್ಚರವಾಗಿದೆ, ವರ್ಣತಂತುಗಳು ಸಾಲಾಗಿ ನಿಂತಿವೆ. ಆದರೆ ಸೈಕ್ಲಿನ್-ಬಿಯನ್ನು ನಾಶಮಾಡಬೇಕಾದ ಎಪಿಸಿ ಎಂಬ ಕಿಣ್ವದ ಬಾಯಿಯನ್ನು ಎಮಿ-2 ಎಂಬ ಪ್ರೋಟೀನು ಮುಚ್ಚಿ ಹಿಡಿದಿದೆ. ಮಾಸುಯಿ ಕಂಡಿದ್ದ ನಿಲ್ಲಿಸುವ ಶಕ್ತಿ ಇದೇ. ಈ ಸ್ಥಿತಿಯಲ್ಲಿ ಅಂಡಕ್ಕೆ ಹೆಚ್ಚು ಹೊತ್ತು ಇರಲಾಗದು. ಬಿಡುಗಡೆಯಾದ ಆಕಳ ಅಂಡ ಚೆನ್ನಾಗಿ ಉಳಿಯುವುದು ಅರ್ಧ ದಿನದೊಳಗಿನ ಮಾತು. ತಡವಾದಷ್ಟೂ ಸಿಡಿಕೆ-1ನ ಕಸುವು ಕರಗಿ, ವೀರ್ಯಾಣು ಬರುವ ಮೊದಲೇ ಅಂಡ ತಾನಾಗಿ ಅಡ್ಡಾದಿಡ್ಡಿ ಒಡೆಯುತ್ತದೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಸೂಜಿ ಎಂದು ಪಶುವೈದ್ಯರು ಹೇಳುವ ನಿಯಮದ ಹಿಂದೆ ಈ ಲೆಕ್ಕವೂ ಇದೆ.

ವೀರ್ಯಾಣು ಏನು ತರುತ್ತದೆ? ತಂದೆಯ ವರ್ಣತಂತುಗಳನ್ನು ಎಂದು ಎಲ್ಲರೂ ಹೇಳಿಯಾರು. ಅದರ ಜೊತೆಗೆ ಒಂದು ಕಿಣ್ವವನ್ನೂ ತರುತ್ತದೆ. 2002ರಲ್ಲಿ ಬ್ರಿಟನ್ನಿನ ಕಾರ್ಲ್ ಸ್ವಾನ್, ಟೋನಿ ಲಾಯ್ ಮತ್ತವರ ಸಂಗಡಿಗರು ಅದನ್ನು ಗುರುತಿಸಿದರು. ಹೆಸರು ಪಿಎಲ್‌ಸಿ ಝೀಟಾ. ಅಂಡದೊಳಗೆ ಬಿದ್ದ ಈ ಕಿಣ್ವ ಅಲ್ಲಿನ ಒಂದು ಕೊಬ್ಬಿನಂಶವನ್ನು ಒಡೆಯುತ್ತದೆ. ಒಡೆದ ತುಣುಕು ಅಂಡದ ಕ್ಯಾಲ್ಸಿಯಂ ಉಗ್ರಾಣ ತೆರೆಯಿಸುತ್ತದೆ. ಕ್ಯಾಲ್ಸಿಯಂ ಒಮ್ಮೆ ಏರಿ ಇಳಿದು ಸುಮ್ಮನಾಗುವುದಿಲ್ಲ. ಇಲಿಯ ಅಂಡದಲ್ಲಿ ಹತ್ತಾರು ನಿಮಿಷಕ್ಕೊಮ್ಮೆ, ಗಂಟೆಗಟ್ಟಲೆ ಏರುತ್ತ ಇಳಿಯುತ್ತ ಇರುತ್ತದೆ. ಹೊಳೆಯುವ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕತ್ತಲಲ್ಲಿ ಅಂಡ ಮಿನುಗಿ ಆರುತ್ತದೆ, ಮತ್ತೆ ಮಿನುಗುತ್ತದೆ. ಪ್ರತಿ ಮಿನುಗಿಗೂ ಇನ್ನೊಂದು ಕಿಣ್ವ ಎಚ್ಚೆತ್ತು ಎಮಿ-2ಗೆ ಗುರುತು ಹಚ್ಚುತ್ತದೆ. ಗುರುತು ಬಿದ್ದ ಎಮಿ-2 ನಾಶವಾಗುತ್ತದೆ. ಎಪಿಸಿಯ ಬಾಯಿ ಬಿಡುತ್ತದೆ.

ಎಪಿಸಿ ಒಂದೇ ಹೊತ್ತಿಗೆ ಎರಡು ಪ್ರೋಟೀನುಗಳ ಮೇಲೆ ನಾಶದ ಮುದ್ರೆ ಒತ್ತುತ್ತದೆ. ಒಂದು ಸೈಕ್ಲಿನ್-ಬಿ. ಅದು ಹೋದೊಡನೆ ಸಿಡಿಕೆ-1 ಮಲಗುತ್ತದೆ. ಇನ್ನೊಂದು ಸೆಕ್ಯೂರಿನ್. ಅದು ಇಷ್ಟು ಹೊತ್ತು ಹಿಡಿದಿಟ್ಟದ್ದು ಸೆಪರೇಸ್ ಎಂಬ ಕತ್ತರಿಸುವ ಕಿಣ್ವವನ್ನು. ಬಿಡುಗಡೆಯಾದ ಸೆಪರೇಸ್, ಜೋಡಿ ವರ್ಣತಂತುಗಳನ್ನು ಸುತ್ತಿ ಹಿಡಿದ ಕೊಹೆಸಿನ್ ಎಂಬ ಉಂಗುರಗಳನ್ನು ಕತ್ತರಿಸುತ್ತದೆ, ಜೋಡಿಗಳು ಎರಡು ಕಡೆಗೆ ಸರಿಯುತ್ತವೆ. ಅಂಡದ ಹೊರಗಡೆಯೂ ಇದೇ ಹೊತ್ತಿಗೆ ಕೆಲಸ ನಡೆದಿದೆ. ಕ್ಯಾಲ್ಸಿಯಂನ ಅದೇ ಏರಿಕೆಯಿಂದ ಹೊರಬಿದ್ದ ಓವಾಸ್ಟಾಸಿನ್ ಎಂಬ ಕಿಣ್ವ ಅಂಡದ ಹೊದಿಕೆಯ ಒಂದು ಪ್ರೋಟೀನನ್ನು ಸೀಳಿ, ಎರಡನೇ ವೀರ್ಯಾಣು ಅಂಟಿಕೊಳ್ಳದಂತೆ ಮಾಡಿರುತ್ತದೆ.

ಇಲ್ಲಿಂದ ಮುಂದೆ ಭ್ರೂಣ ಎಂದು ಕರೆಯಬಹುದು. ಅದರ ವೇಗ ಮಾತ್ರ ಅಚ್ಚರಿಯದು, ಎಷ್ಟು ನಿಧಾನ ಎಂಬ ಕಾರಣಕ್ಕೆ. ಕಪ್ಪೆಯ ಭ್ರೂಣ ಅರ್ಧ ಗಂಟೆಗೊಮ್ಮೆ ಒಡೆಯುತ್ತದೆ. ಇಲಿ, ಆಕಳು, ಮನುಷ್ಯ ಭ್ರೂಣಗಳಿಗೆ ಮೊದಲ ವಿಭಜನೆಗೇ ಒಂದು ದಿನದ ಆಸುಪಾಸು ಬೇಕು. ಮನುಷ್ಯ ಭ್ರೂಣ ಎರಡನೇ ದಿನ ನಾಲ್ಕು ಕೋಶ, ಮೂರನೇ ದಿನ ಎಂಟು ಕೋಶ, ಐದನೇ ದಿನ ನೀರು ತುಂಬಿದ ಚೆಂಡಿನಂಥ ಬ್ಲಾಸ್ಟೋಸಿಸ್ಟ್. ಆಕಳದ್ದು ಬ್ಲಾಸ್ಟೋಸಿಸ್ಟ್ ಆಗಲು ಏಳು ದಿನ. ಆ ದಿನಗಳಲ್ಲಿ ಒಟ್ಟು ಗಾತ್ರ ಬೆಳೆಯುವುದೇ ಇಲ್ಲ. ಮಿಲಿಮೀಟರಿನ ಹತ್ತನೇ ಒಂದರಷ್ಟಿದ್ದ ಅಂಡ ಅಷ್ಟೇ ಜಾಗದೊಳಗೆ ಸಣ್ಣ ಸಣ್ಣ ಕೋಶಗಳಾಗಿ ಹಂಚಿಹೋಗುತ್ತದೆ.

ಮೊದಲ ವಿಭಜನೆಗಳ ಖರ್ಚು ಪೂರ್ತಿ ತಾಯಿಯದು. ಸಿಡಿಕೆ, ಸೈಕ್ಲಿನ್, ಅವುಗಳನ್ನು ತಯಾರಿಸುವ ಆದೇಶಗಳು ಎಲ್ಲವೂ ಅಂಡದಲ್ಲಿ ಮೊದಲೇ ತುಂಬಿಟ್ಟಿದ್ದು. ಭ್ರೂಣದ ಸ್ವಂತ ಜೀನುಗಳು ಬಾಯಿಬಿಡುವುದು ಇಲಿಯಲ್ಲಿ ಎರಡು ಕೋಶಗಳ ಹೊತ್ತಿಗೆ, ಮನುಷ್ಯರಲ್ಲಿ ನಾಲ್ಕರಿಂದ ಎಂಟು ಕೋಶಗಳ ನಡುವೆ, ಆಕಳಲ್ಲಿ ಎಂಟರಿಂದ ಹದಿನಾರು ಕೋಶಗಳ ಹೊತ್ತಿಗೆ. ಸೈಕ್ಲಿನ್-ಬಿ1 ಜೀನು ಇಲ್ಲದ ಇಲಿ ಭ್ರೂಣಗಳ ಪ್ರಯೋಗ 2018ರಲ್ಲಿ ಇದನ್ನು ಚೆನ್ನಾಗಿ ತೋರಿಸಿತು. ತಾಯಿ ಕೊಟ್ಟದ್ದರಲ್ಲಿ ಅವು ಎರಡು ಸಲ ಒಡೆದವು. ನಾಲ್ಕು ಕೋಶಗಳಾದ ಮೇಲೆ ಬುತ್ತಿ ಮುಗಿಯಿತು, ಅಲ್ಲೇ ನಿಂತವು. ಸ್ಪೇನಿನ ಮ್ಯಾಡ್ರಿಡ್‌ನಲ್ಲಿ 2007ರಲ್ಲಿ ನಡೆದ ಕೆಲಸ ಇನ್ನೂ ಖಡಾಖಂಡಿತ: ವಿಭಜನೆಗೆ ನೆರವಾಗುವ ಉಳಿದ ಸಿಡಿಕೆಗಳನ್ನೆಲ್ಲ ತೆಗೆದುಹಾಕಿದರೂ ಇಲಿ ಭ್ರೂಣ ಗರ್ಭದ ನಡುಗಾಲದವರೆಗೆ ಬೆಳೆಯಿತು. ಸಿಡಿಕೆ-1 ಒಂದನ್ನು ತೆಗೆದರೆ ಮೊದಲ ಕೆಲವು ವಿಭಜನೆಗಳನ್ನೂ ದಾಟಲಿಲ್ಲ.

ಸ್ವಂತ ಜೀನುಗಳು ಮಾತಾಡದ ಈ ಎರಡು ಮೂರು ದಿನ ಭ್ರೂಣಕ್ಕೆ ಬಲು ಸೂಕ್ಷ್ಮ. ಮೈ ಕಾದರೆ ಸಾಮಾನ್ಯ ಕೋಶ ರಕ್ಷಣೆಗೆ ಬೇಕಾದ ಪ್ರೋಟೀನುಗಳನ್ನು ಹೊಸದಾಗಿ ತಯಾರಿಸಿಕೊಳ್ಳುತ್ತದೆ. ಎರಡು ಕೋಶದ ಭ್ರೂಣಕ್ಕೆ ಆ ಸೌಕರ್ಯ ಕಡಿಮೆ. ಅಮೆರಿಕದ ಫ್ಲೋರಿಡಾದಲ್ಲಿ ಪೀಟರ್ ಹ್ಯಾನ್ಸನ್ ಮತ್ತು ಸಂಗಡಿಗರು 1993ರಲ್ಲಿ ಹಾಲಿನ ಆಕಳುಗಳನ್ನು ಗರ್ಭಧಾರಣೆಯ ನಂತರ ಬೇರೆ ಬೇರೆ ದಿನ ಬಿಸಿಲ ಝಳಕ್ಕೆ ಒಡ್ಡಿ ನೋಡಿದರು. ಮೊದಲ ದಿನ ಬಿಸಿ ತಾಗಿದ ಭ್ರೂಣಗಳು ಸೊರಗಿದವು; ಮೂರನೇ ದಿನದ ನಂತರ ತಾಗಿದವು ತಡೆದುಕೊಂಡವು. ಏಪ್ರಿಲ್ ತಿಂಗಳಿನ ಹಾವೇರಿಯಲ್ಲಿ ಎಚ್‌ಎಫ್ ಆಕಳು ಸಾಕುವವರಿಗೆ ಇದಕ್ಕಿಂತ ನೇರವಾಗಿ ಉಪಯೋಗಕ್ಕೆ ಬರುವ ವಿಜ್ಞಾನ ಬೇರೆ ಸಿಗಲಿಕ್ಕಿಲ್ಲ. ಸೂಜಿ ಮಾಡಿಸಿದ ಮೇಲೆ ಮೂರು ದಿನ ಆಕಳನ್ನು ಬಿಸಿಲಲ್ಲಿ ಮೇಯಲು ಬಿಡದೆ ನೆರಳಿನಲ್ಲಿ ಕಟ್ಟಿ, ಮೈಮೇಲೆ ನೀರು ಹಾಕಿ, ಕುಡಿಯಲು ಬೇಕಾದಷ್ಟು ನೀರಿಟ್ಟರೆ ಖರ್ಚೇನೂ ಇಲ್ಲ. ಬಿಸಿಲಿಗೆ ಒಗ್ಗಿದ ಜವಾರಿ ತಳಿಗಳಿಗೆ ಈ ಕಾಟ ಅಷ್ಟಾಗಿ ಇಲ್ಲ. ಹತ್ತಿರದ ಬಂಕಾಪುರದ ಕೋಟೆಯಲ್ಲಿ ನವಿಲುಧಾಮದ ಮಗ್ಗುಲಿಗೇ ಪಶುಸಂಗೋಪನೆ ಇಲಾಖೆಯ ಖಿಲಾರಿ ತಳಿ ಸಂವರ್ಧನಾ ಕೇಂದ್ರವಿದೆ. ಹಾವೇರಿಯೂ ಸೇರಿದಂತೆ ಉತ್ತರ ಕರ್ನಾಟಕದ ಉದ್ದಕ್ಕೂ ಇರುವ ಧಾರವಾಡಿ ಎಮ್ಮೆ 2021ರಲ್ಲಿ ಪ್ರತ್ಯೇಕ ತಳಿಯೆಂದು ರಾಷ್ಟ್ರೀಯ ಮಾನ್ಯತೆ ಪಡೆಯಿತು. ಎಮ್ಮೆಗಳ ತೊಂದರೆ ಇನ್ನೊಂದು ಬಗೆಯದು: ಬೇಸಿಗೆಯಲ್ಲಿ ಬೆದೆಗೆ ಬಂದರೂ ಒದರದೆ ಸುಮ್ಮನಿರುವುದು. ಅಲ್ಲಿ ಭ್ರೂಣದ ಪ್ರಶ್ನೆಗೆ ಮೊದಲು ಬೆದೆ ಕಂಡುಹಿಡಿಯುವುದೇ ದೊಡ್ಡ ಕೆಲಸ.

ಭ್ರೂಣವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಲು ಹೊರಟವರಿಗೂ ಇದೇ ಹಂತ ಕಾಡಿತು. ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಭ್ರೂಣ ತಟ್ಟೆಯಲ್ಲಿ ಎರಡು ಕೋಶವಾಗಿ ನಿಂತುಬಿಡುತ್ತಿತ್ತು. 1988ರಲ್ಲಿ ಅಮೆರಿಕದ ಬ್ಯಾರಿ ಬಾವಿಸ್ಟರ್ ಮತ್ತು ಅವರ ಸಹೋದ್ಯೋಗಿ ಕಾರಣ ಹಿಡಿದರು: ಪೌಷ್ಟಿಕವೆಂದು ಹಾಕುತ್ತಿದ್ದ ಗ್ಲೂಕೋಸ್ ಮತ್ತು ಫಾಸ್ಫೇಟೇ ಭ್ರೂಣವನ್ನು ನಿಲ್ಲಿಸುತ್ತಿದ್ದವು. ತೆಗೆದುಹಾಕಿದರೆ ಮುಂದೆ ಸಾಗಿತು. ಬಾವಿಸ್ಟರ್ ಜೊತೆ ಹ್ಯಾಮ್‌ಸ್ಟರ್ ಭ್ರೂಣಗಳ ಮೇಲೆ ಕೆಲಸ ಮಾಡಿದ ಪೊಲಾನಿ ಶೇಷಗಿರಿ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ತಮ್ಮ ಪ್ರಯೋಗಾಲಯ ಕಟ್ಟಿದರು.

ಟಾಟಾ ಇನ್‌ಸ್ಟಿಟ್ಯೂಟ್ ಎಂದು ಹಳೆಯ ಬೆಂಗಳೂರಿಗರು ಕರೆಯುವ ಆ ಆವರಣದಲ್ಲಿ ಶೇಷಗಿರಿಯವರ ತಂಡ ಕೈಗೆತ್ತಿಕೊಂಡದ್ದು ಮೊದಲ ವಾರದ ಕೊನೆಯ ಘಟನೆಯನ್ನು. ಬ್ಲಾಸ್ಟೋಸಿಸ್ಟ್ ಆಗುವವರೆಗೂ ಭ್ರೂಣ ಅಂಡದ ಹೊದಿಕೆಯೊಳಗೇ ಇರುತ್ತದೆ. ಹೊದಿಕೆ ಹರಿದು ಹೊರಬಂದರೆ ಮಾತ್ರ ಗರ್ಭಕೋಶದ ಗೋಡೆಗೆ ಅಂಟಲು ಸಾಧ್ಯ. ಇಲಿ ಮತ್ತು ಮನುಷ್ಯರಲ್ಲಿ ಭ್ರೂಣ ಉಬ್ಬಿ, ಹೊದಿಕೆಯಲ್ಲಿ ಸೀಳು ಬಿಟ್ಟು, ಅದರ ಮೂಲಕ ನುಸುಳಿ ಬರುತ್ತದೆ. ಹ್ಯಾಮ್‌ಸ್ಟರ್ ಭ್ರೂಣದ ರೀತಿಯೇ ಬೇರೆ. ಅದು ಉಬ್ಬಿದ್ದು ಮೊದಲು ಕುಗ್ಗುತ್ತದೆ. ಆಮೇಲೆ ಒಂದು ಕಡೆ ಹೊದಿಕೆ ಕರಗಿ, ಕೊನೆಗೆ ಪೂರ್ತಿ ಹೊದಿಕೆಯೇ ಇಲ್ಲವಾಗುತ್ತದೆ. ಕರಗಿಸುವುದು ತಾಯಿಯ ಗರ್ಭಕೋಶವೋ, ಭ್ರೂಣವೋ? ತಟ್ಟೆಯಲ್ಲಿ ತಾಯಿಯಿಲ್ಲ, ಆದರೂ ಹೊದಿಕೆ ಕರಗಿತು, ಕೆಲಸ ಭ್ರೂಣದ್ದೇ. 2000ದಿಂದ 2008ರವರೆಗಿನ ಪ್ರಬಂಧಗಳಲ್ಲಿ ಈ ತಂಡ ಆ ಕಿಣ್ವಗಳ ಗುರುತು ಹಿಡಿಯಿತು. ಬಗೆಬಗೆಯ ಪ್ರೋಟೀನು ಕತ್ತರಿಸುವ ಕಿಣ್ವಗಳನ್ನು ಒಂದೊಂದಾಗಿ ತಡೆದು ನೋಡಿದಾಗ, ಸಿಸ್ಟೀನ್ ಪ್ರೋಟಿಯೇಸ್ ಜಾತಿಯವನ್ನು ತಡೆದರೆ ಭ್ರೂಣ ಹೊರಬರದೆ ಒಳಗೇ ಉಳಿಯಿತು. ಮುಖ್ಯವಾದವು ಕೆಥೆಪ್ಸಿನ್‌ಗಳು. ಅವು ಹೊದಿಕೆಯ ಬಳಿಗೆ ಬರುವುದು ಭ್ರೂಣದ ಹೊರಕೋಶಗಳು ಚಾಚುವ ಸಣ್ಣ ಬೆರಳಿನಂಥ ಚಾಚುಗಳ ಜೊತೆ. ಅರಗಿಸುವ ಕಿಣ್ವವೆಂದು ನಾವು ಮೊದಲು ಪಕ್ಕಕ್ಕಿಟ್ಟದ್ದು ಇಲ್ಲಿ ಬೇಕೇ ಬೇಕಾಯಿತು.

ಬೆಂಗಳೂರಿನಲ್ಲಿ ಜಾನುವಾರು ವಿಜ್ಞಾನಕ್ಕೆ ಇದಕ್ಕೂ ಹಳೆಯ ವಿಳಾಸ ಆಡುಗೋಡಿಯದು. 1923ರಲ್ಲಿ ಅಲ್ಲಿ ಶುರುವಾದ ಇಂಪೀರಿಯಲ್ ಪಶುಸಂಗೋಪನೆ ಮತ್ತು ಹೈನು ಸಂಸ್ಥೆಗೆ 1927ರಲ್ಲಿ ಬೆಂಗಳೂರಲ್ಲಿ ವಿಶ್ರಾಂತಿಗೆ ಬಂದಿದ್ದ ಗಾಂಧೀಜಿ ಭೇಟಿ ಕೊಟ್ಟು, ಸಂದರ್ಶಕರ ಪುಸ್ತಕದಲ್ಲಿ ತಮ್ಮನ್ನು ಸಾಬರಮತಿಯ ರೈತ ಎಂದು ಬರೆದುಕೊಂಡರು. ಅದೇ ಸಂಸ್ಥೆ ಬೆಳೆದು ಹರಿಯಾಣದ ಕರ್ನಾಲಿಗೆ ಹೋಗಿ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಾಯಿತು. 1990ರಲ್ಲಿ ಅಲ್ಲಿ ಪ್ರನಾಳದಲ್ಲಿ ಫಲಿಸಿದ ಭ್ರೂಣದಿಂದ ‘ಪ್ರಥಮ್’ ಎಂಬ ಎಮ್ಮೆಕರು ಹುಟ್ಟಿತು. ಆಡುಗೋಡಿಯಲ್ಲಿ 1995ರಿಂದ ಪಶು ಪೋಷಣೆ ಮತ್ತು ಶರೀರವಿಜ್ಞಾನದ ರಾಷ್ಟ್ರೀಯ ಸಂಸ್ಥೆಯಿದೆ.

ಆಕಳ ಭ್ರೂಣ ಆಕಳಿಗಷ್ಟೇ ಸಂಬಂಧಪಟ್ಟದ್ದಲ್ಲ. ಮನುಷ್ಯ ಭ್ರೂಣದ ಮೊದಲ ದಿನ ತಿಳಿಯಬೇಕಾದರೆ ಇಲಿಗಿಂತ ಆಕಳು ಹತ್ತಿರದ ನೆಂಟ. ಇಲಿಯ ವೀರ್ಯಾಣು ಅಂಡಕ್ಕೆ ಸೆಂಟ್ರಿಯೋಲ್ ಎಂಬ, ವರ್ಣತಂತು ಎಳೆಯುವ ದಾರಗಳ ಬುಡವನ್ನು ಕೊಡುವುದಿಲ್ಲ. ಮನುಷ್ಯ ಮತ್ತು ಹೋರಿಯ ವೀರ್ಯಾಣುಗಳು ಕೊಡುತ್ತವೆ. ಜರ್ಮನಿಯಲ್ಲಿ ಮಾನವ ಭ್ರೂಣದ ಸಂಶೋಧನೆಗೆ ಕಾನೂನಿನ ತಡೆಯಿದೆ. ಗಾಟಿಂಗೆನ್‌ನ ಮೆಲಿನಾ ಶು ಅವರ ತಂಡ 2021ರಲ್ಲಿ ಆಕಳ ಭ್ರೂಣಗಳನ್ನೇ ಬಳಸಿ, ತಂದೆ ತಾಯಿಯ ವರ್ಣತಂತುಗಳು ಮೊದಲ ಸಲ ಒಂದುಗೂಡುವ ಹೊತ್ತು ಎಷ್ಟು ಎಡವಟ್ಟಿನದು ಎಂದು ತೋರಿಸಿತು. ವರ್ಣತಂತುಗಳು ಒಂದೆಡೆ ಗುಂಪಾಗದೆ ಚದುರಿದ್ದರೆ ಮೊದಲ ವಿಭಜನೆಯಲ್ಲೇ ಹಂಚಿಕೆ ತಪ್ಪುತ್ತದೆ. ಬೆಳೆದ ಕೋಶಗಳಲ್ಲಿ ಇಂಥ ತಪ್ಪು ಕಂಡರೆ ಎಪಿಸಿಯನ್ನು ತಡೆಹಿಡಿದು ಸರಿಯಾಗುವವರೆಗೆ ಕಾಯುವ ಕಾವಲು ಇದೆ. ಭ್ರೂಣದ ಮೊದಲ ದಿನಗಳಲ್ಲಿ ಆ ಕಾವಲು ಸಡಿಲ.

ಇನ್ನೊಂದು ತಪ್ಪು ಅಂಡದಿಂದಲೇ ಬರುತ್ತದೆ. ಸೆಪರೇಸ್ ಕತ್ತರಿಸಬೇಕಾದ ಕೊಹೆಸಿನ್ ಉಂಗುರಗಳು ಹೆಣ್ಣುಮಗು ಹುಟ್ಟುವ ಮೊದಲೇ ಹಾಕಿದಂಥವು. ಇಲಿಗಳಲ್ಲಿ ನಡೆದ ಪ್ರಯೋಗಗಳ ಪ್ರಕಾರ ಅವನ್ನು ಆಮೇಲೆ ಬದಲಿಸುವ ಏರ್ಪಾಡಿಲ್ಲ. ವರ್ಷ ಕಳೆದಂತೆ ಅವು ತಾವಾಗಿ ಸಡಿಲುತ್ತವೆ, ಕಿಣ್ವ ಬರುವ ಮೊದಲೇ ಜೋಡಿಗಳು ಬಿಡಿಯಾಗುತ್ತವೆ. ಡೌನ್ ಸಿಂಡ್ರೋಮ್ ಮಕ್ಕಳ ಸಂಭವ ತಾಯಿಗೆ 20ರ ಆಸುಪಾಸಿನಲ್ಲಿ 1,500ಕ್ಕೆ ಒಂದಿದ್ದದ್ದು 40ರ ಹೊತ್ತಿಗೆ ನೂರಕ್ಕೆ ಒಂದಾಗುವುದರ ಹಿಂದೆ ಇದೊಂದು ಮುಖ್ಯ ಕಾರಣ.

ಹಾಗೆಂದು ಎಲ್ಲವನ್ನೂ ಅಂಡದ ಮೇಲೆ, ಅಂದರೆ ಹೆಣ್ಣಿನ ಮೇಲೆ ಹೊರಿಸುವ ನಮ್ಮ ಹಳೆಯ ಚಾಳಿಗೆ ಈ ವಿಜ್ಞಾನ ಒತ್ತಾಸೆ ಕೊಡುವುದಿಲ್ಲ. ಪಿಎಲ್‌ಸಿ ಝೀಟಾದ ಕಡೆ ನೋಡಿ. ಒಂದೇ ವೀರ್ಯಾಣುವನ್ನು ನೇರ ಅಂಡದೊಳಗೆ ಚುಚ್ಚುವ ‘ಇಕ್ಸಿ’ ವಿಧಾನ 1992ರಿಂದ ಬಳಕೆಯಲ್ಲಿದೆ. ಹೀಗೆ ಚುಚ್ಚಿದರೂ ಒಂದೂ ಅಂಡ ಫಲಿಸದ ಪ್ರಕರಣಗಳು ನೂರಕ್ಕೆ ಒಂದರಿಂದ ಮೂರು ಬರುತ್ತವೆ. ಅವುಗಳಲ್ಲಿ ಕೆಲವು ಗಂಡಸರ ವೀರ್ಯಾಣುಗಳ ಸಂಖ್ಯೆ ಸರಿ, ಓಟ ಸರಿ, ಆಕಾರವೂ ಸರಿ. ಕಿಣ್ವ ಮಾತ್ರ ಇಲ್ಲ, ಇಲ್ಲವೇ ಕೆಟ್ಟಿದೆ. ಅಂಡ ಕಾದೇ ಇರುತ್ತದೆ, ಮಿನುಗುವುದೇ ಇಲ್ಲ. ಇಂಥಲ್ಲಿ ಚುಚ್ಚಿದ ನಂತರ ಅಂಡವನ್ನು ಕ್ಯಾಲ್ಸಿಯಂ ಒಳಬಿಡುವ ರಾಸಾಯನಿಕದಲ್ಲಿ ಸ್ವಲ್ಪ ಹೊತ್ತು ಇಟ್ಟು ಕೈಯಾರೆ ಎಬ್ಬಿಸುತ್ತಾರೆ. ಹೀಗೆ ಹುಟ್ಟಿದ ಮಕ್ಕಳಿದ್ದಾರೆ.

ಶ್ರೇಯಸ್ಸು ಯಾರಿಗೆ ಸಲ್ಲಬೇಕು ಎಂಬ ವಿಷಯದಲ್ಲಿ ನೆನೆಯಬೇಕಾದ ಒಬ್ಬರು ಬೆಂಗಳೂರಿನಲ್ಲಿದ್ದರು. 1986ರಲ್ಲಿ ಮುಂಬೈನಲ್ಲಿ ಹುಟ್ಟಿದ ಪ್ರನಾಳ ಶಿಶುವಿನ ಹಿಂದಿದ್ದ ವಿಜ್ಞಾನಿ ಟಿ.ಸಿ. ಆನಂದ್ ಕುಮಾರ್ ಆಮೇಲೆ ಬೆಂಗಳೂರಿನಲ್ಲಿ ಸಂತಾನಹೀನತೆಯ ಚಿಕಿತ್ಸಾಲಯ ನಡೆಸಿದರು. 1978ರಲ್ಲಿ ಕೋಲ್ಕತ್ತದ ಸುಭಾಷ್ ಮುಖರ್ಜಿ ಈ ಸಾಧನೆ ಮಾಡಿದ್ದೇನೆಂದಾಗ ಯಾರೂ ನಂಬಿರಲಿಲ್ಲ. ಅವಮಾನ ಸಹಿಸಲಾರದೆ ಅವರು 1981ರಲ್ಲಿ ಪ್ರಾಣ ಕಳೆದುಕೊಂಡಿದ್ದರು. ಮುಖರ್ಜಿಯ ಟಿಪ್ಪಣಿಗಳನ್ನು ಓದಿದ ಆನಂದ್ ಕುಮಾರ್, ಭಾರತದ ಮೊದಲ ಪ್ರನಾಳ ಶಿಶುವಿನ ಕೀರ್ತಿ ತನಗಲ್ಲ, ಮುಖರ್ಜಿಗೆ ಸಲ್ಲಬೇಕೆಂದು 1997ರಲ್ಲಿ ಬೆಂಗಳೂರಿನಿಂದಲೇ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ತನ್ನ ಕೈಯಲ್ಲಿದ್ದ ಗೌರವವನ್ನು ಹೀಗೆ ಬಿಟ್ಟುಕೊಟ್ಟವರು ವಿಜ್ಞಾನದಲ್ಲಿ ಅಪರೂಪ.

ತಪ್ಪು ಯಾರದೆಂಬ ಮಾತಿಗೆ ಮರಳಿದರೆ, ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡನ ಕಡೆಯ ಕಾರಣ ಪೂರ್ತಿಯಾಗಿಯೋ ಭಾಗಶಃವೋ ಇರುತ್ತದೆ. ಆದರೂ ಆಸ್ಪತ್ರೆಯ ಸರತಿಯಲ್ಲಿ ಒಬ್ಬಳೇ ನಿಂತಿರುವುದು ಸೊಸೆ. ಸ್ಕ್ಯಾನಿಂಗ್, ರಕ್ತಪರೀಕ್ಷೆ, ಹರಕೆ, ಉಪವಾಸ ಎಲ್ಲ ಅವಳ ಪಾಲಿಗೆ. ಗಂಡನ ವೀರ್ಯ ಪರೀಕ್ಷೆಗೆ ಸೂಜಿ ಚುಚ್ಚಬೇಕಿಲ್ಲ, ಹಣವೂ ಹೆಚ್ಚು ಬೇಕಿಲ್ಲ. ಮದುವೆಯಾಗಿ ಕೂಡಿ ಬಾಳುತ್ತ ಒಂದು ವರ್ಷವಾದರೂ ಬಸಿರು ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ, ಗಂಡ ಹೆಂಡತಿ ಇಬ್ಬರೂ ಒಂದೇ ದಿನ ವೈದ್ಯರ ಹತ್ತಿರ ಹೋಗಿ, ಮೊದಲು ಗಂಡನ ಪರೀಕ್ಷೆ ಮಾಡಿಸಿ.